ದಾಖಲೆ ಬದಲಿಸುವ ಮೊದಲು ಮಾಲೀಕರನ್ನೊಮ್ಮೆ ಕೇಳಿ

ಭೂ ನೋಂದಣಿಯ ಹೊಣೆ ಹೊತ್ತಿರುವ ಎಲ್ಲ ದೇಶಗಳ ಅಧಿಕಾರಿಗಳಿಗೆ, ಅದಕ್ಕೆ ಕಾನೂನು ರೂಪಿಸುವ ಶಾಸಕರಿಗೆ,

ನಮಸ್ಕಾರ.

ಜನರ ಆಸ್ತಿಪತ್ರಗಳನ್ನು ಓದುವುದು, ಬರೆಯುವುದು, ಅವುಗಳಲ್ಲಿನ ತಪ್ಪು ಹುಡುಕುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ಪಾಲುಪತ್ರ, ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದೇನೆ. ನನ್ನ ಕಕ್ಷಿದಾರರಲ್ಲಿ ಅರ್ಧದಷ್ಟು ಮಂದಿ ತಮ್ಮ ಆಸ್ತಿ ಇರುವ ದೇಶದಲ್ಲಿ ಇಲ್ಲ. ದುಡಿಮೆ ಹುಡುಕಿಕೊಂಡು ಹೋದವರು, ಮದುವೆಯಾಗಿ ಹೋದವರು, ಮಕ್ಕಳ ಬಳಿಗೆ ಹೋದ ವೃದ್ಧರು, ಯುದ್ಧಕ್ಕೆ ಹೆದರಿ ಉಟ್ಟ ಬಟ್ಟೆಯಲ್ಲಿ ಹೊರಟವರು. ಅವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅವರಲ್ಲೊಬ್ಬರ ವಿಷಯ ಹೇಳುತ್ತೇನೆ. ಒಂದು ರಾತ್ರಿ ಆಕೆ ನನಗೊಂದು ಫೋಟೊ ಕಳುಹಿಸಿದರು. ತಂದೆಯಿಂದ ಬಂದ ಮನೆಯ ಗೇಟಿನ ಚಿತ್ರ. ಪಕ್ಕದ ಮನೆಯವರು ತೆಗೆದದ್ದು. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಬೀಗಕ್ಕೆ ಸುತ್ತಿದ್ದ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಕಿತ್ತಿರಲಿಲ್ಲ. ‘ಮನೆ ಮಾರಿದಿರಂತೆ, ನಮಗೊಂದು ಮಾತು ಹೇಳಲಿಲ್ಲವಲ್ಲ’ ಎಂದು ಪಕ್ಕದವರು ಬೇಸರಪಟ್ಟುಕೊಂಡಿದ್ದರು. ಆಕೆ ಮಾರಿರಲಿಲ್ಲ. ಬೆಳಗ್ಗೆ ನಾನು ದಾಖಲೆ ತೆಗೆಸಿ ನೋಡಿದಾಗ ಮಾಲೀಕರ ಕಾಲಂನಲ್ಲಿ ಬೇರೆಯವರ ಹೆಸರಿತ್ತು. ಆಕೆ ಎಂದೂ ಕಾಣದ ವ್ಯಕ್ತಿಯೊಬ್ಬ ಆಕೆಯೇ ಕೊಟ್ಟದ್ದೆಂದು ಒಂದು ಅಧಿಕಾರಪತ್ರ ಹಾಜರುಪಡಿಸಿ ಮಾರಾಟ ಮಾಡಿ ಮುಗಿಸಿದ್ದ. ಆ ಪತ್ರದ ಸ್ಕ್ಯಾನ್ ಪ್ರತಿಯಲ್ಲಿ ಆಕೆಯ ಪೂರ್ಣ ಹೆಸರಿನ ಸಹಿ ಇತ್ತು. ಆಕೆ ಮೂವತ್ತು ವರ್ಷಗಳಿಂದ ಇನಿಷಿಯಲ್ ಸೇರಿಸಿಯೇ ಸಹಿ ಮಾಡುವವರು.

ಕಚೇರಿಗೆ ಹೋದೆ. ಅಲ್ಲಿನವರು ಒರಟಾಗಿ ಮಾತನಾಡಲಿಲ್ಲ. ಕುರ್ಚಿ ಕೊಟ್ಟರು, ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದರು. ಅರ್ಜಿ ಆನ್‌ಲೈನ್‌ನಲ್ಲಿ ಬಂದಿದೆ, ಶುಲ್ಕ ಪಾವತಿಯಾಗಿದೆ, ಗುರುತಿನ ಚೀಟಿ ಲಗತ್ತಾಗಿದೆ, ಪ್ರತಿ ಕಾಲಂನ ಮುಂದೆಯೂ ಹಸಿರು ಗುರುತು. ‘ಮಾಲೀಕರನ್ನು ಕೇಳಿದಿರಾ?’ ಎಂದೆ. ನೋಟಿಸು ಹೋಗಿದೆ ಎಂದರು. ಎಲ್ಲಿಗೆ? ದಾಖಲೆಯಲ್ಲಿರುವ ವಿಳಾಸಕ್ಕೆ. ಆ ವಿಳಾಸ ಅದೇ ಮನೆಯದು. ಮನೆ ಮಾರಾಟವಾಗುತ್ತಿದೆ, ತಕರಾರಿದ್ದರೆ ತಿಳಿಸಿ ಎಂಬ ಕಾಗದ ಆ ಖಾಲಿ ಮನೆಯ ಗೇಟಿನ ಸಂದಿಯಲ್ಲೇ ಬಿದ್ದಿತ್ತು. ಒಳಗೆ ಓದುವವರು ಯಾರೂ ಇರಲಿಲ್ಲ.

ನಾನು ನಿಮ್ಮನ್ನು ಕೇಳುವುದು ಇಷ್ಟು. ದಾಖಲೆಯಲ್ಲಿ ಹೆಸರು ಬದಲಾಗುವ ಮೊದಲು, ಈಗ ಹೆಸರಿರುವ ಮಾಲೀಕರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಅವರನ್ನು ನೀವೇ ನೇರವಾಗಿ ಕೇಳಿ. ಬರೆದುಕೊಡುವವರ ಪರವಾಗಿ ಬಂದಿದ್ದೇನೆ ಎನ್ನುವವರ ಮೂಲಕ ಕೇಳಬೇಡಿ, ಅವರು ಅರ್ಜಿಯಲ್ಲಿ ಬರೆದ ಫೋನ್ ಸಂಖ್ಯೆಗೆ ಕೇಳಬೇಡಿ. ಬದಲಿಸಿದ ಮೇಲೆ ತಿಳಿಸುವುದನ್ನು ಕೇಳುವುದು ಎಂದು ಕರೆಯಬೇಡಿ.

ಇದು ಅಷ್ಟು ದೊಡ್ಡ ಬೇಡಿಕೆಯೇ ಎಂದು ಅನ್ನಿಸಬಹುದು. ಭೂ ದಾಖಲೆಗೆ ಇಂದು ಇರುವ ಬಲ ನೋಡಿದರೆ, ಇದಕ್ಕಿಂತ ಕಡಿಮೆ ಕೇಳಲು ನನಗೆ ಸಾಧ್ಯವಿಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಒಂದು ಕಾಯ್ದೆ ತಂದರು. ಅದಕ್ಕೂ ಮೊದಲು ನೆಲ ಕೊಳ್ಳುವವರು ಹಳೆಯ ಪತ್ರಗಳ ಕಂತೆ ಬಿಚ್ಚಿ, ಮೂಲಪುರುಷನಿಂದ ಇಲ್ಲಿಯವರೆಗೆ ಕೊಂಡಿ ಕಳಚದೆ ಬಂದಿದೆಯೇ ಎಂದು ನೋಡುತ್ತಾ ಕೂರಬೇಕಿತ್ತು. ಟಾರೆನ್ಸ್ ಸುಂಕದ ಕಚೇರಿಯಲ್ಲಿದ್ದವರು; ಹಡಗುಗಳ ಒಡೆತನ ರಿಜಿಸ್ಟರ್ ಪುಸ್ತಕದಲ್ಲಿ ದಾಖಲಾಗುವ ಬಗೆ ಅವರಿಗೆ ಗೊತ್ತಿತ್ತು. ನೆಲಕ್ಕೂ ಅಂಥದ್ದೇ ಪುಸ್ತಕ ಬಂತು. ಪುಸ್ತಕದಲ್ಲಿ ಹೆಸರಿರುವವರೇ ಮಾಲೀಕರು, ಹಿಂದಿನ ಪತ್ರಗಳ ಗೊಡವೆ ಬೇಡ, ಪುಸ್ತಕವೇ ತಪ್ಪಿ ಯಾರಿಗಾದರೂ ನಷ್ಟವಾದರೆ ಪರಿಹಾರ ನಿಧಿಯಿಂದ ತುಂಬಿಕೊಡಲಾಗುತ್ತದೆ ಎಂಬ ಮೂರು ಮಾತುಗಳ ಮೇಲೆ ಆ ಪದ್ಧತಿ ನಿಂತಿದೆ. ಪ್ರಪಂಚದ ಹಲವು ದೇಶಗಳು ಮೊದಲೆರಡು ಮಾತುಗಳನ್ನು ಸಂತೋಷದಿಂದ ಎತ್ತಿಕೊಂಡವು. ಮೂರನೆಯ ಮಾತನ್ನು ಎತ್ತಿಕೊಳ್ಳುವಾಗ ಹಲವು ಕಡೆ ಕೈ ಹಿಂದೆಗೆಯಿತು.

ಆ ಪುಸ್ತಕದ ಬಲ ಎಷ್ಟೆಂದು 1967ರ ಒಂದು ತೀರ್ಪು ತೋರಿಸುತ್ತದೆ. ನ್ಯೂಜಿಲೆಂಡ್‌ನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದ ಆಸ್ತಿಯನ್ನು ಹೆಂಡತಿ, ಗಂಡನ ಸಹಿ ತಾನೇ ಹಾಕಿ, ಅಡಮಾನ ಮಾಡಿದ್ದಳು. ಸಾಲ ತೀರಲಿಲ್ಲ, ಸಾಲ ಕೊಟ್ಟವರು ಆಸ್ತಿ ಮಾರಿದರು. ಗಂಡನ ಸಹಿ ಸುಳ್ಳು ಎಂಬುದು ಗೊತ್ತಾದ ಮೇಲೂ, ರಿಜಿಸ್ಟರ್ ನಂಬಿ ಪ್ರಾಮಾಣಿಕವಾಗಿ ಕೊಂಡವನ ಹಕ್ಕೇ ಗಟ್ಟಿ ಎಂದು ಆಗ ನ್ಯೂಜಿಲೆಂಡ್‌ಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ಕೊಂಡವನ ಕಡೆಯಿಂದ ನೋಡಿದರೆ ಇದು ನ್ಯಾಯವೇ. ಆದರೆ ಸುಳ್ಳು ಸಹಿಯೊಂದು ರಿಜಿಸ್ಟರ್‌ಗೆ ಏರಿಬಿಟ್ಟರೆ ಮತ್ತೆ ಇಳಿಯದಿರಬಹುದು ಎಂಬುದೂ ಇದರಿಂದಲೇ ಸ್ಪಷ್ಟ. ಭಾರತದ 1908ರ ನೋಂದಣಿ ಕಾಯ್ದೆಯಂತೆ ಪತ್ರವನ್ನಷ್ಟೇ ನೋಂದಾಯಿಸುವ, ಹಕ್ಕಿಗೆ ಖಾತರಿ ಕೊಡದ ದೇಶಗಳಲ್ಲಿ ಕಥೆ ಬೇರೆ. ಅಲ್ಲಿ ಮಾಲೀಕರು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಮ್ಮ ಮನೆ ತಮ್ಮದೇ ಎಂದು ಸಾಬೀತು ಮಾಡುತ್ತಾ ವರ್ಷಗಟ್ಟಲೆ ಅಲೆಯಬೇಕು. ಎರಡು ಕಡೆಯೂ ಬಾಗಿಲು ಕಾಯಬೇಕಾದ ಜಾಗ ಒಂದೇ: ಹೆಸರು ಬದಲಾಗುವ ಆ ಗಳಿಗೆ.

ಹಿಂದೆ ಆ ಬಾಗಿಲನ್ನು ಕಾಗದ ಕಾಯುತ್ತಿತ್ತು. ನಾನು ಕಾಗದದ ಮೋಹಕ್ಕೆ ಈ ಮಾತು ಹೇಳುತ್ತಿಲ್ಲ. ಗೆದ್ದಲು ತಿಂದ ಪತ್ರಗಳನ್ನೂ, ತಿದ್ದಿದ ಚಕ್ಕುಬಂದಿಯನ್ನೂ, ಹರಿದ ನಕ್ಷೆಗಳನ್ನೂ ಬೇಕಾದಷ್ಟು ಕಂಡಿದ್ದೇನೆ. ಆದರೆ ಪೆಟ್ಟಿಗೆಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಮೂಲಪತ್ರ ಒಂದು ಕೆಲಸ ಮಾಡುತ್ತಿತ್ತು. ಅದನ್ನು ತಂದು ಮೇಜಿನ ಮೇಲಿಡದೆ ಮಾರಾಟ ಸುಲಭವಾಗಿ ನಡೆಯುತ್ತಿರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2021ರ ಅಕ್ಟೋಬರ್ 11ರಂದು ಕಾಗದದ ಹಕ್ಕುಪತ್ರಗಳನ್ನು ಪೂರ್ತಿ ರದ್ದು ಮಾಡಿದರು. ಜನರ ಕೈಯಲ್ಲಿದ್ದ ಪತ್ರಗಳು ಆ ದಿನದಿಂದ ನೆನಪಿಗೆ ಇಟ್ಟುಕೊಳ್ಳುವ ಕಾಗದಗಳಾದವು. ಕಾಗದ ಹೋಗಲಿ, ನನ್ನ ತಕರಾರಿಲ್ಲ. ಅದು ಮಾಡುತ್ತಿದ್ದ ಕಾವಲಿನ ಕೆಲಸವನ್ನು ಯಾರಿಗೆ ವಹಿಸಿದ್ದೀರಿ ಎಂಬುದನ್ನು ನೀವು ಮಾಲೀಕರಿಗೆ ಹೇಳಬೇಕು. ವಕೀಲರಿಗೋ, ಬ್ಯಾಂಕಿಗೋ, ತಂತ್ರಾಂಶಕ್ಕೋ? ಅವರಲ್ಲಿ ಯಾರೂ ದೂರದಲ್ಲಿರುವ ಮಾಲೀಕರ ಕಡೆಯವರಲ್ಲ. ವ್ಯವಹಾರ ಬೇಗ ಮುಗಿಯಲಿ ಎಂಬುದು ಅವರೆಲ್ಲರ ಬಯಕೆ.

2010ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಮಾಲೀಕರೊಬ್ಬರ ಮನೆಯನ್ನು ನೈಜೀರಿಯಾದ ವಂಚಕರು ಮಾರಿಬಿಟ್ಟರು. ಮಾಲೀಕರ ಹೆಸರಿನಲ್ಲಿ ಇಮೇಲ್, ಮಾಲೀಕರ ಹೆಸರಿನಲ್ಲಿ ಕಾಗದಪತ್ರ. ಮಾಲೀಕರಿಗೆ ಮಾತ್ರ ಸುದ್ದಿಯಿಲ್ಲ. ಗುರುತು ಪರಿಶೀಲನೆಯ ನಿಯಮಗಳು ಅಲ್ಲಿ ಬಿಗಿಯಾದದ್ದು ಅದರ ಮೇಲೆ. ಕೊಸೊವೊದಲ್ಲಿ 1999ರ ಯುದ್ಧದ ನಂತರ ಮನೆಬಿಟ್ಟು ಓಡಿದ ಜನರ ಆಸ್ತಿಗಳು ಸುಳ್ಳು ಅಧಿಕಾರಪತ್ರಗಳ ಮೂಲಕ ಕೈ ಬದಲಾದವು. ಯುದ್ಧದ ವೇಳೆ ಭೂಮಾಪನ ದಾಖಲೆಗಳನ್ನು ಸರ್ಬಿಯಾಕ್ಕೆ ಒಯ್ದಿದ್ದರಿಂದ, ಹೋಲಿಸಿ ನೋಡಲು ಹಳೆಯ ಪುಸ್ತಕವೂ ಅಲ್ಲಿರಲಿಲ್ಲ. ಒಂದು ಶಾಂತ ಶ್ರೀಮಂತ ನಗರ, ಇನ್ನೊಂದು ಸುಟ್ಟು ಹೋದ ನಾಡು. ಮೋಸದ ದಾರಿ ಎರಡೂ ಕಡೆ ಒಂದೇ. ಮಾಲೀಕರು ಎದುರಿಗಿಲ್ಲ, ಅವರ ಹೆಸರಿನ ಕಾಗದವೊಂದು ಎದುರಿಗಿದೆ.

ಇನ್ನು ಗಡಿಯ ವಿಷಯ. ಇಲ್ಲಿ ನನಗೆ ಹೆಚ್ಚು ಸಂಕಟ.

ಪರದೇಶದಲ್ಲಿರುವ ಪ್ರಾಮಾಣಿಕ ಮಾಲೀಕರು ತಮ್ಮ ಆಸ್ತಿಯನ್ನು ನಿಜವಾಗಿ ಮಾರಲು ಹೊರಟರೆ ಏನಾಗುತ್ತದೆ ನೋಡಿ. ಅಧಿಕಾರಪತ್ರ ಬರೆಸಬೇಕು, ನೋಟರಿಯ ಎದುರು ಸಹಿ ಮಾಡಬೇಕು, ಆ ನೋಟರಿಯ ಸಹಿ ನಿಜವೆಂದು ಅಲ್ಲಿನ ಸರ್ಕಾರದಿಂದ ಅಪೊಸ್ಟಿಲ್ ಮುದ್ರೆ ಹಾಕಿಸಬೇಕು, ಕೊರಿಯರ್‌ನಲ್ಲಿ ಕಳುಹಿಸಬೇಕು, ಇಲ್ಲಿ ಅನುವಾದ ಮಾಡಿಸಬೇಕು. ಅಂಥ ಒಂದು ಪತ್ರ ಈಗ ನನ್ನ ಮೇಜಿನ ಮೇಲಿದೆ. ನಾಲ್ಕು ಹಾಳೆ, ಮೂಲೆಗೆ ಕೆಂಪು ದಾರ, ಅರಗಿನಂಥ ಅಂಟಿನ ಮುದ್ರೆ, ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ತಾಕುವ ಒತ್ತುಮುದ್ರೆ. ನೋಂದಣಿ ಅಧಿಕಾರಿ ಆ ಉಬ್ಬನ್ನು ಹೆಬ್ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಅದನ್ನು ವಾಪಸ್ ಕೊಟ್ಟರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಕೊನೆಗೆ ಬಂದಿದೆ, ಹಳೆಯ ಕ್ರಯಪತ್ರದಲ್ಲಿ ಮೊದಲಿಗೆ ಬಂದಿದೆ. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ತನ್ನಿ ಎಂದರು. ಆ ಪ್ರಮಾಣಪತ್ರಕ್ಕೂ ನೋಟರಿ, ಅದಕ್ಕೂ ಅಪೊಸ್ಟಿಲ್, ಅದಕ್ಕೂ ಕೊರಿಯರ್. ನಿಜವಾದ ಮಾಲೀಕರು ಹೀಗೆ ತಿಂಗಳುಗಟ್ಟಲೆ ಹೊಸ್ತಿಲಲ್ಲೇ ನಿಂತಿರುತ್ತಾರೆ. ವಂಚಕನ ಕಾಗದದಲ್ಲಿ ಹೆಸರುಗಳು ಅಚ್ಚುಕಟ್ಟಾಗಿ ಹೊಂದಿಕೊಂಡಿರುತ್ತವೆ, ಏಕೆಂದರೆ ಅವನು ನಿಮ್ಮ ದಾಖಲೆಯನ್ನೇ ನೋಡಿ ಅದನ್ನು ತಯಾರಿಸಿರುತ್ತಾನೆ.

ಅಪೊಸ್ಟಿಲ್ ಮುದ್ರೆಯ ಬಗ್ಗೆ ಕಚೇರಿಗಳಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆ ಇದೆ. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದದ್ದು ಅದು. ಭಾರತಕ್ಕೆ 2005ರಲ್ಲಿ, ಚೀನಾಕ್ಕೆ 2023ರಲ್ಲಿ, ಕೆನಡಾಕ್ಕೆ 2024ರಲ್ಲಿ ಅನ್ವಯವಾಯಿತು. ಆ ಮುದ್ರೆ ಹೇಳುವುದು ಬಹಳ ಸಣ್ಣ ಮಾತು: ಈ ಕಾಗದದ ಮೇಲಿರುವ ಅಧಿಕಾರಿಯ ಸಹಿ ನಿಜ, ಆತ ಆ ಹುದ್ದೆಯಲ್ಲಿದ್ದದ್ದು ನಿಜ, ಮೊಹರು ನಿಜ. ಒಳಗೆ ಬರೆದಿರುವುದು ಸತ್ಯ ಎಂದು ಅದು ಹೇಳುವುದೇ ಇಲ್ಲ. ನೋಟರಿಯ ಎದುರು ಕೂತವರು ನಿಜವಾದ ಮಾಲೀಕರೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ಒಪ್ಪಂದವನ್ನು ನೋಡಿಕೊಳ್ಳುವ ಹೇಗ್ ಸಮ್ಮೇಳನ ಎಂಬ ಸಂಸ್ಥೆ 2006ರಲ್ಲೇ ವಿದ್ಯುನ್ಮಾನ ಅಪೊಸ್ಟಿಲ್ ಮತ್ತು ಆನ್‌ಲೈನ್ ರಿಜಿಸ್ಟರ್‌ಗೆ ಚಾಲನೆ ಕೊಟ್ಟಿದೆ. ಮುದ್ರೆಯ ಸಂಖ್ಯೆ ಕೊಟ್ಟರೆ ಅದು ಅಸಲಿಯೇ ಎಂದು ಕುಳಿತಲ್ಲೇ ನೋಡಬಹುದು. ಎಷ್ಟು ನೋಂದಣಿ ಕಚೇರಿಗಳ ಸಿಬ್ಬಂದಿಗೆ ಇದನ್ನು ಕಲಿಸಿದ್ದೀರಿ? ಹೆಬ್ಬೆರಳಿನಿಂದ ಉಬ್ಬು ಸವರುವುದನ್ನು ಮಾತ್ರ ನಾನು ಕಂಡಿದ್ದೇನೆ.

ಡಿಜಿಟಲ್ ಸಹಿಯ ಪಾಡೂ ಹೀಗೆಯೇ. ಯುರೋಪಿಯನ್ ಒಕ್ಕೂಟದಲ್ಲಿ 2014ರ ನಿಯಮದಂತೆ, ಒಂದು ದೇಶದಲ್ಲಿ ಅರ್ಹತೆ ಪಡೆದ ವಿದ್ಯುನ್ಮಾನ ಸಹಿಗೆ ಉಳಿದ ಎಲ್ಲ ಸದಸ್ಯ ದೇಶಗಳಲ್ಲೂ ಕೈಬರಹದ ಸಹಿಯಷ್ಟೇ ಬೆಲೆ ಇದೆ. ಒಕ್ಕೂಟದ ಗಡಿ ದಾಟಿದರೆ ಅದೇ ಸಹಿ ಅನೇಕ ಕಡೆ ಬರೀ ಒಂದು ಚಿತ್ರ. ಎರಡು ದೇಶಗಳ ಗಣಿತ ಒಂದೇ, ಗೂಢಲಿಪಿ ಒಂದೇ. ಒಪ್ಪಂದ ಮಾತ್ರ ಇಲ್ಲ.

ದೇಶದಿಂದ ದೇಶಕ್ಕೆ ಭೂ ಕಾನೂನು ಬೇರೆ, ಅದನ್ನೆಲ್ಲ ಒಂದು ಮಾಡಲು ಆಗುವುದಿಲ್ಲ ಎಂದು ನೀವು ಹೇಳುತ್ತೀರಿ. ಒಪ್ಪುತ್ತೇನೆ. ನೆಲ ಎಲ್ಲಿದೆಯೋ ಅಲ್ಲಿನ ಕಾನೂನೇ ನಡೆಯಬೇಕು. ಸ್ಥಿರಾಸ್ತಿಯ ಹಕ್ಕಿನ ವ್ಯಾಜ್ಯ ಆ ನೆಲವಿರುವ ದೇಶದ ನ್ಯಾಯಾಲಯಕ್ಕೇ ಸೇರಬೇಕೆಂದು ಯುರೋಪಿನ ನಿಯಮಗಳೂ ಹೇಳುತ್ತವೆ. ಮಾರಾಟ ಎಂಬ ಒಂದೇ ಪದ ಒಂದೊಂದು ಕಡೆ ಒಂದೊಂದು ಗಳಿಗೆಯಲ್ಲಿ ಘಟಿಸುತ್ತದೆ. ಫ್ರಾನ್ಸಿನಲ್ಲಿ ಇಬ್ಬರ ಒಪ್ಪಿಗೆಯಿಂದಲೇ ಒಡೆತನ ದಾಟಬಹುದು, ಮೂರನೆಯವರ ವಿರುದ್ಧ ನಿಲ್ಲಲು ದಾಖಲಾತಿ ಬೇಕು. ಜರ್ಮನಿಯಲ್ಲಿ ಒಪ್ಪಂದ ಬೇರೆ, ಹಸ್ತಾಂತರದ ಒಪ್ಪಿಗೆ ಬೇರೆ, ಪುಸ್ತಕದಲ್ಲಿ ನಮೂದಾದ ಹೊರತು ಒಡೆತನ ದಾಟುವುದಿಲ್ಲ. ಇವನ್ನೆಲ್ಲ ಒಂದೇ ಆನ್‌ಲೈನ್ ಫಾರಂಗೆ ತುರುಕಿದರೆ ಯಾವ ದೇಶದ ಕಾನೂನಿಗೂ ನ್ಯಾಯವಾಗುವುದಿಲ್ಲ. ನಾನು ಕೇಳುತ್ತಿರುವುದು ಅದನ್ನಲ್ಲ. ಮಾಲೀಕರು ಯಾರು, ಜೀವಂತ ಇದ್ದಾರೆಯೇ, ಒಪ್ಪಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಒಂದು ದೇಶದ ಅಧಿಕಾರಿ ಪಡೆದ ಉತ್ತರವನ್ನು ಇನ್ನೊಂದು ದೇಶದ ಅಧಿಕಾರಿ ನಂಬುವಂತಾಗಬೇಕು. ಅಷ್ಟಕ್ಕೆ ಭೂ ಕಾನೂನು ಒಂದಾಗಬೇಕಿಲ್ಲ. ಮಾಲೀಕರು ತೀರಿಹೋದಾಗ ಯುರೋಪು ಇದನ್ನು ಮಾಡಿ ತೋರಿಸಿದೆ. 2015ರ ಆಗಸ್ಟ್ 17ರಿಂದ ಅಲ್ಲಿ ಬಳಕೆಗೆ ಬಂದ ವಾರಸುದಾರಿಕೆಯ ಪ್ರಮಾಣಪತ್ರವನ್ನು ಒಂದು ದೇಶದಲ್ಲಿ ಪಡೆದು ಇನ್ನೊಂದರ ನೋಂದಣಿ ಕಚೇರಿಯಲ್ಲಿ ಕೊಡಬಹುದು. ಸತ್ತವರ ಆಸ್ತಿಗೆ ಸಾಧ್ಯವಾದದ್ದು ಬದುಕಿರುವವರ ಒಪ್ಪಿಗೆಗೂ ಸಾಧ್ಯವಾಗಬೇಕು.

ಕೇಳುವುದು ಹೇಗೆ ಎಂಬುದಕ್ಕೆ ದಾರಿಗಳಿವೆ. ಎಸ್ಟೋನಿಯಾ 2020ರಿಂದ ನೋಟರಿಯ ಮುಂದಿನ ಕೆಲಸಗಳನ್ನು ವಿಡಿಯೊ ಮೂಲಕ ಮಾಡಲು ಅವಕಾಶ ಕೊಟ್ಟಿದೆ. ಆಸ್ತಿ ಮಾರಾಟವೂ ಅದರಲ್ಲಿ ಸೇರಿದೆ. ಗುರುತಿನ ಚೀಟಿ, ಮುಖದ ಹೋಲಿಕೆ ಎಲ್ಲ ಯಂತ್ರ ನೋಡುತ್ತದೆ, ಆದರೆ ಪರದೆಯ ಆ ಬದಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ, ಮಾತನಾಡಿಸುತ್ತಾನೆ. ಈ ಕೊನೆಯ ಮಾತನ್ನು ಬಿಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಎಂಬತ್ತು ದಾಟಿದ ಒಬ್ಬ ಕಕ್ಷಿದಾರರು ಮಗನ ಮನೆಯ ಅಡುಗೆಕೋಣೆಯಲ್ಲಿ ಮೊಬೈಲ್ ಎದುರು ಕೂತದ್ದನ್ನು ಕಂಡಿದ್ದೇನೆ. ಅವರಿಗೆ ಓದಲು ಬಾರದ ಭಾಷೆಯಲ್ಲಿ ತಲೆಯನ್ನು ಎಡಕ್ಕೆ ತಿರುಗಿಸಿ, ಕಣ್ಣು ಮಿಟುಕಿಸಿ ಎಂದು ಪರದೆ ಹೇಳುತ್ತಿತ್ತು. ಅವರು ಕೈ ಕಟ್ಟಿ, ಫೋಟೊಗೆ ಕೂತಂತೆ, ಅಲುಗಾಡದೆ ಕೂತಿದ್ದರು. ಮೂರು ಸಲ ವಿಫಲವಾಗಿ ಖಾತೆ ಬಂದ್ ಆಯಿತು. ‘ನಾನು ಅಲ್ಲ ಅಂತ ಹೇಳುತ್ತಿದೆಯೇ ಅದು?’ ಎಂದು ಅವರು ಮಗನನ್ನು ಕೇಳಿದರು. ಅವರ ಭಾಷೆ ಬಲ್ಲ ಒಬ್ಬ ಅಧಿಕಾರಿ ಎರಡು ನಿಮಿಷ ಮಾತನಾಡಿಸಿದ್ದರೆ ಕೆಲಸ ಮುಗಿಯುತ್ತಿತ್ತು.

ಇಂಗ್ಲೆಂಡಿನ ಭೂ ನೋಂದಣಿ ಇಲಾಖೆಯಲ್ಲಿ ಮಾಲೀಕರು ಮೂರು ವಿಳಾಸಗಳವರೆಗೆ ಕೊಡಬಹುದು, ಪರದೇಶದ ವಿಳಾಸವನ್ನೂ, ಇಮೇಲನ್ನೂ ಕೊಡಬಹುದು. ಆಸ್ತಿಯ ಮೇಲೆ ಚಟುವಟಿಕೆ ಕಂಡರೆ ಇಮೇಲ್ ಕಳುಹಿಸುವ ಉಚಿತ ಸೇವೆಯೂ ಇದೆ. ತನ್ನ ಗುರುತನ್ನು ವೃತ್ತಿಪರರೊಬ್ಬರು ದೃಢೀಕರಿಸದ ಹೊರತು ಮಾರಾಟ ದಾಖಲಿಸಬೇಡಿ ಎಂದು ಮಾಲೀಕರು ಮೊದಲೇ ನಿರ್ಬಂಧ ಹಾಕಿಸಿಡಬಹುದು. ಈ ನಿರ್ಬಂಧ ನನಗೆ ಬಹಳ ಹಿಡಿಸಿದೆ. ಪೆಟ್ಟಿಗೆಯ ತಳದ ಪತ್ರದ ಕೆಲಸವನ್ನು ಅದು ಮಾಡುತ್ತದೆ. ಆದರೆ ಇವೆಲ್ಲ ಕೇಳಿದವರಿಗೆ ಮಾತ್ರ. ಇಂಥ ಸೇವೆ ಇದೆ ಎಂದು ಗೊತ್ತಿಲ್ಲದವರೇ ಹೆಚ್ಚು ಅಪಾಯದಲ್ಲಿರುವವರು. ಮಾಲೀಕರು ಬೇರೆ ದೇಶದಲ್ಲಿದ್ದಾರೆ ಎಂದು ಗೊತ್ತಾದ ದಿನವೇ ಈ ಬೀಗ ತಾನಾಗಿ ಬೀಳಬೇಕು, ಬೇಡ ಎನ್ನುವವರು ತೆಗೆಸಿಕೊಳ್ಳಲಿ.

ಅಧಿಕಾರಪತ್ರಗಳಿಗೆ ಪ್ರತ್ಯೇಕವಾದ, ಗಡಿಯಾಚೆಯಿಂದಲೂ ನೋಡಬಹುದಾದ ರಿಜಿಸ್ಟರ್ ಬೇಕು. ಕೊಟ್ಟವರು ಹಿಂಪಡೆದಿದ್ದಾರೆಯೇ, ಬದುಕಿದ್ದಾರೆಯೇ ಎಂದು ಮಾರಾಟದ ದಿನ ನೋಡುವ ವ್ಯವಸ್ಥೆಯಿಲ್ಲದೆ ಹತ್ತು ವರ್ಷ ಹಳೆಯ ಪತ್ರವನ್ನು ಒಪ್ಪಿಕೊಳ್ಳುವುದು ಹೇಗೆ ನ್ಯಾಯ? ಮಾಲೀಕರಿಂದ ಉತ್ತರವೇ ಬರದಿದ್ದರೆ ಏನು ಮಾಡುವುದು ಎಂದು ಕೇಳುತ್ತೀರಿ. ಕಾಯಿರಿ. ರಾಯಭಾರ ಕಚೇರಿಯ ಮೂಲಕ ಹುಡುಕಿಸಿ. ಉತ್ತರ ಬಾರದಿರುವುದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ನಿಜವಾಗಿ ಮಾರುತ್ತಿರುವವರು ಎಲ್ಲಿದ್ದರೂ ಉತ್ತರ ಕೊಡುತ್ತಾರೆ, ಅವರಿಗೆ ಹಣ ಬರಬೇಕಿದೆ.

ಬ್ಲಾಕ್‌ಚೈನ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಒಮ್ಮೆ ಬರೆದದ್ದನ್ನು ಅಳಿಸಲಾಗದಂತೆ ಕಾಪಾಡುವುದು ಅದರ ಗುಣ. ಸುಳ್ಳು ಮಾಲೀಕನ ಹೆಸರು ಬರೆದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಆದರೂ ದಾಖಲೆ ಉಳಿಯಬೇಕು ಎಂಬ ಅವರ ಕಾಳಜಿ ನ್ಯಾಯವಾದದ್ದೇ. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನ್ ತನ್ನ ಸರ್ಕಾರಿ ರಿಜಿಸ್ಟರ್‌ಗಳನ್ನು ಮುಚ್ಚಿತು. ಮತ್ತೆ ತೆರೆದಾಗ ಆಯ್ದ ನೋಟರಿಗಳಿಗೆ ಮಾತ್ರ ಆಸ್ತಿ ವ್ಯವಹಾರಕ್ಕೆ ಅನುಮತಿ ಕೊಟ್ಟಿತು. ಜನ ಮನೆ ಬಿಟ್ಟು ಹೋದಾಗ ದಾಖಲೆಯ ಬಾಗಿಲು ಬಿಗಿ ಮಾಡಬೇಕು ಎಂದು ಅವರಿಗೆ ತಿಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಸೈಬರ್ ದಾಳಿಗೆ ಅದೇ ರಿಜಿಸ್ಟರ್‌ಗಳು ಸ್ಥಗಿತಗೊಂಡು, ಹಂತ ಹಂತವಾಗಿ ಮರಳಿ ಬಂದವು. ಎಸ್ಟೋನಿಯಾ ತನ್ನ ಭೂ ದಾಖಲೆಯ ಪ್ರತಿಯನ್ನು, 2017ರ ಒಪ್ಪಂದದಂತೆ, ಲಕ್ಸೆಂಬರ್ಗ್ ನೆಲದಲ್ಲಿ ತನ್ನದೇ ಸಾರ್ವಭೌಮ ಹಕ್ಕಿನಡಿ ಇಟ್ಟಿದೆ. ಒಂದು ದೇಶದ ನೆಲದ ದಾಖಲೆ ಇನ್ನೊಂದು ದೇಶದಲ್ಲಿ ಸುರಕ್ಷಿತವಾಗಿರಬಹುದಾದರೆ, ಆ ದಾಖಲೆಯಲ್ಲಿ ಹೆಸರಿರುವವರನ್ನು ಇನ್ನೊಂದು ದೇಶದಲ್ಲಿ ಹುಡುಕಿ ಮಾತನಾಡಿಸುವುದು ಕಷ್ಟವಾಗಬಾರದು.

ಇಷ್ಟೆಲ್ಲ ಮಾಡಿಯೂ ತಪ್ಪಾದರೆ ಪರಿಹಾರ ಕೊಡಿ. ವಂಚಕನನ್ನು ಹಿಡಿದು ವಸೂಲಿ ಮಾಡುವ ಹೊಣೆ ನಿಮ್ಮದಾಗಲಿ, ಮನೆ ಕಳೆದುಕೊಂಡವರದ್ದಲ್ಲ.

ನಾನು ಹೇಳಿದ ಆ ಕಕ್ಷಿದಾರರ ದಾವೆ ಇನ್ನೂ ನಡೆಯುತ್ತಿದೆ. ಮನೆ ಕೊಂಡವರೂ ಒಳ್ಳೆಯವರೇ. ಉಳಿತಾಯವನ್ನೆಲ್ಲ ಸುರಿದು ಕೊಂಡಿದ್ದಾರೆ, ಅವರ ಮಕ್ಕಳು ಈಗ ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದಾರೆ. ನ್ಯಾಯಾಲಯ ಯಾರ ಪರವಾಗಿ ಹೇಳಿದರೂ ಇನ್ನೊಬ್ಬರು ಬೀದಿಗೆ ಬರುತ್ತಾರೆ. ಕಳೆದ ತಿಂಗಳು ಅದೇ ಕಚೇರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಪರದೇಶದಲ್ಲಿರುವ ಇನ್ನೊಬ್ಬ ಮಾಲೀಕರ ಈಗಿನ ವಿಳಾಸವನ್ನು ದಾಖಲೆಯಲ್ಲಿ ಸೇರಿಸಿ ಎಂದು ಅರ್ಜಿ ಕೊಟ್ಟೆ. ಆ ಕಾಲಂನಲ್ಲಿ ಬೇರೆ ದೇಶದ ವಿಳಾಸ ಬರೆಯಲು ತಂತ್ರಾಂಶದಲ್ಲಿ ಅವಕಾಶವಿಲ್ಲ ಎಂದರು. ದಯವಿಟ್ಟು ಆ ಒಂದು ಕಾಲಂನಿಂದ ಶುರು ಮಾಡಿ.

ಇತಿ,
ಪತ್ರ ಬರೆಯುವುದನ್ನೇ ಕಸುಬು ಮಾಡಿಕೊಂಡವರಲ್ಲೊಬ್ಬರು